ಆ ಸರ್ಕಲ್ ಸರಿಯಾಗಬೇಕಾದರೆ: ಸೈಕಲ್ ಸವಾರರಿಗೊಂದು ಸಮಗ್ರ ಮಾರ್ಗದರ್ಶಿ

ನಾನು ಬರೆದ ಮೊದಲ ದೂರು ಒಂದೇ ಸಾಲಿನದು: "ನಮ್ಮ ಬಡಾವಣೆಯ ಸರ್ಕಲ್ ಸೈಕಲ್ ಸವಾರರಿಗೆ ಬಹಳ ಅಪಾಯಕಾರಿಯಾಗಿದೆ, ದಯವಿಟ್ಟು ಸರಿಪಡಿಸಿ." ಮೂರನೆಯ ದಿನವೇ ಮೊಬೈಲಿಗೆ ಸಂದೇಶ ಬಂತು, ದೂರು ಪರಿಹರಿಸಲಾಗಿದೆ ಎಂದು. ಜೊತೆಗೊಂದು ಫೋಟೊ. ಅದರಲ್ಲಿ ಗುಡಿಸಿ ಚೊಕ್ಕಟ ಮಾಡಿದ ರಸ್ತೆಯೊಂದಿತ್ತು. ಅದು ನಮ್ಮ ಸರ್ಕಲ್ ಆಗಿರಲಿಲ್ಲ.

ಸಿಟ್ಟು ಬಂತು. ಆದರೆ ಎರಡು ದಿನ ಕಳೆದ ಮೇಲೆ ಇನ್ನೊಂದು ಪ್ರಶ್ನೆಯೂ ಬಂತು: ಆ ಸಾಲನ್ನು ಓದಿದ ಎಂಜಿನಿಯರ್ ನಿಜಕ್ಕೂ ಏನು ಮಾಡಬೇಕಿತ್ತು? ಯಾವ ಮೂಲೆಗೆ ಹೋಗಬೇಕಿತ್ತು, ಯಾರನ್ನು ಕಳುಹಿಸಬೇಕಿತ್ತು, ಏನನ್ನು ತರಿಸಬೇಕಿತ್ತು? ನಾನೇ ಹೇಳಿರಲಿಲ್ಲ. ಎರಡನೆಯ ಸಲ ಒಂದೇ ಒಂದು ವಸ್ತುವಿನ ಬಗ್ಗೆ ಬರೆದೆ. ಬೇಕರಿ ಮೂಲೆಯಲ್ಲಿ ಮಳೆನೀರು ಇಳಿಯುವ ಕಬ್ಬಿಣದ ಜಾಲರಿ, ಅದರ ಸರಳುಗಳು ವಾಹನ ಸಾಗುವ ದಿಕ್ಕಿಗೇ ಇವೆ, ಸಂದಿನಲ್ಲಿ ಸೈಕಲ್ ಚಕ್ರ ಸಲೀಸಾಗಿ ಇಳಿಯುತ್ತದೆ, ಜಾಲರಿ ಚೌಕವಾಗಿರುವುದರಿಂದ ಎತ್ತಿ ಅಡ್ಡ ತಿರುಗಿಸಿ ಕೂರಿಸಿದರೆ ಸಾಕು. ಒಂಬತ್ತು ದಿನಕ್ಕೆ ಇಬ್ಬರು ಬಂದು ತಿರುಗಿಸಿ ಹೋದರು.

ಸರ್ಕಲ್ ಎನ್ನುವುದು ಒಂದು ವಸ್ತುವಲ್ಲ. ಅದು ಹತ್ತು ದೋಷಗಳ ಗಂಟು, ಆ ಹತ್ತಕ್ಕೆ ಐದು ಇಲಾಖೆಗಳು ಯಜಮಾನರು. ಗಂಟನ್ನೇ ಎತ್ತಿ ಯಾರ ಮೇಜಿನ ಮೇಲಿಟ್ಟರೂ ಅವರು ಪಕ್ಕದ ಮೇಜಿಗೆ ಸರಿಸುತ್ತಾರೆ. ಒಂದೊಂದೇ ಎಳೆ ಬಿಡಿಸಿ ಅದರದರ ಮನೆಬಾಗಿಲಿಗೆ ಒಯ್ಯುವ ವಿಧಾನವನ್ನು ಇಲ್ಲಿ ಬರೆದಿದ್ದೇನೆ. ಉದಾಹರಣೆಗಳು ಬೆಂಗಳೂರಿನವು. ಮೈಸೂರು, ಹುಬ್ಬಳ್ಳಿ, ದಾವಣಗೆರೆಯವರು ಕಚೇರಿಗಳ ಹೆಸರು ಬದಲಾಯಿಸಿಕೊಂಡರೆ ಉಳಿದದ್ದು ಹೆಚ್ಚೂಕಡಿಮೆ ಹಾಗೆಯೇ ನಡೆಯುತ್ತದೆ.

ಹಂತ 1: ಸೈಕಲ್ ಮನೆಯಲ್ಲಿ ಬಿಟ್ಟು ಹೋಗಿ ನೋಡಿ

ಸೈಕಲ್ ಮೇಲಿದ್ದಾಗ ನಮಗೆ ಕಾಣುವುದು ಮುಂದಿನ ಹತ್ತು ಮೀಟರ್ ಮಾತ್ರ, ಉಳಿದ ಗಮನವೆಲ್ಲ ಪ್ರಾಣದ ಮೇಲಿರುತ್ತದೆ. ಆದ್ದರಿಂದ ನಡೆದುಕೊಂಡು ಹೋಗಿ, ಮೂರು ಹೊತ್ತಿನಲ್ಲಿ ಅರ್ಧರ್ಧ ಗಂಟೆ ನಿಲ್ಲಿ: ಶಾಲೆ ತೆರೆಯುವ ಹೊತ್ತು, ಸಂಜೆ ಆರರಿಂದ ಏಳು, ರಾತ್ರಿ ಹತ್ತರ ನಂತರ. ರಾತ್ರಿಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ವಾಹನ ಕಡಿಮೆಯಾದಾಗ ವೇಗ ಏರುತ್ತದೆ. ಆಗ ಸೈಕಲ್ ತುಳಿಯುವವರು ಪಾಳಿ ಮುಗಿಸಿದ ಕಾವಲುಗಾರರು, ಹಿಂದೆ ಫ್ಲಾಸ್ಕ್ ಕಟ್ಟಿಕೊಂಡು ಚಹಾ ಮಾರುವವರು. ಬೆಳಗಿನ ಐದಕ್ಕೆ ಪೇಪರ್ ಹಾಕುವ ಹುಡುಗರು ಬರುತ್ತಾರೆ. ಇವರಲ್ಲಿ ಯಾರೂ ಆ್ಯಪ್ ತೆರೆದು ದೂರು ಬರೆಯುವವರಲ್ಲ. ನೀವು ಬರೆಯುವ ದೂರು ಅವರದೂ ಆಗಿರಲಿ. ಹೆಲ್ಮೆಟ್ ಹಾಕಿ ಭಾನುವಾರ ನಂದಿ ಬೆಟ್ಟಕ್ಕೆ ಹೋಗುವವರದಷ್ಟೇ ಆದರೆ, "ಹವ್ಯಾಸದವರ ಗಲಾಟೆ" ಎಂದು ಬದಿಗಿಡಲು ಯಾರಿಗೂ ಕಷ್ಟವಾಗುವುದಿಲ್ಲ.

ನಿಂತಾಗ ನೋಡಬೇಕಾದದ್ದರಲ್ಲಿ ಎಡ ತಿರುವು ಮೊದಲನೆಯದು. ನಾವು ರಸ್ತೆಯ ಎಡಕ್ಕೆ ಸಾಗುವವರಾದ್ದರಿಂದ ನೇರ ಹೋಗುವ ಸೈಕಲ್ಲನ್ನು ಎಡಕ್ಕೆ ತಿರುಗುವ ಕಾರು, ಟೆಂಪೊ, ಬಸ್ಸು ಕತ್ತರಿಸಿಕೊಂಡೇ ಹೋಗಬೇಕು. ಇಲ್ಲಿ ಮೂಲೆಯ ಆಕಾರವೇ ವೇಗವನ್ನು ನಿರ್ಧರಿಸುತ್ತದೆ. ಅಂಚುಕಲ್ಲು ಬಿಗಿಯಾಗಿ ತಿರುಗಿದ್ದರೆ ಕಾರಿನವನು ನಿಧಾನಿಸಲೇಬೇಕು, ದೊಡ್ಡ ಬಿಲ್ಲಿನಂತೆ ಬಾಗಿದ್ದರೆ ನಿಧಾನಿಸುವ ಅಗತ್ಯವೇ ಇಲ್ಲ. ಲೆಕ್ಕ ಸರಳ: ತಿರುವಿನ ತ್ರಿಜ್ಯ ನಾಲ್ಕು ಪಟ್ಟಾದರೆ ಅಷ್ಟೇ ಆರಾಮದಲ್ಲಿ ಎರಡು ಪಟ್ಟು ವೇಗದಲ್ಲಿ ತಿರುಗಬಹುದು, ವೇಗ ಎರಡು ಪಟ್ಟಾದರೆ ಡಿಕ್ಕಿಯ ಶಕ್ತಿ ನಾಲ್ಕು ಪಟ್ಟು. ಐದು ಮೀಟರ್ ತ್ರಿಜ್ಯದ ಮೂಲೆಯಲ್ಲಿ ಗಂಟೆಗೆ ಹನ್ನೊಂದು, ಹನ್ನೆರಡು ಕಿಲೋಮೀಟರ್‌ನಲ್ಲಿ ತಿರುಗುವ ಕಾರು ಇಪ್ಪತ್ತು ಮೀಟರ್‌ನದರಲ್ಲಿ ಇಪ್ಪತ್ತಮೂರಕ್ಕೆ ತಿರುಗುತ್ತದೆ. ಇದರ ಮೇಲೆ ನಮ್ಮ ಪ್ರೀತಿಯ ಫ್ರೀ ಲೆಫ್ಟ್. ಸಿಗ್ನಲ್ ಕೆಂಪಾಗಿದ್ದರೂ ಎಡಕ್ಕೆ ನಿಲ್ಲದ ಪ್ರವಾಹ, ಅದರ ಬಾಯಲ್ಲೇ ಹಸಿರಿಗಾಗಿ ಕಾಯುವ ಸೈಕಲ್.

ಬಸ್ಸಿನ ವಿಷಯ ಇನ್ನೊಂದು. ಉದ್ದದ ಬಸ್ಸು ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಕ್ಕೆ ಕತ್ತರಿಸುತ್ತದೆ. ಬಿಗಿ ತಿರುವಿನಲ್ಲಿ ಈ ವ್ಯತ್ಯಾಸ ಒಂದೂವರೆ ಮೀಟರ್ ದಾಟುತ್ತದೆ. ಬಸ್ಸಿನ ಮೂತಿ ನಮ್ಮನ್ನು ದಾಟಿತು ಎಂದು ನೆಮ್ಮದಿಪಡುವ ಹೊತ್ತಿಗೆ ಹೊಟ್ಟೆ ನಮ್ಮ ಕಡೆಗೆ ವಾಲುತ್ತಿರುತ್ತದೆ. ಮೂಲೆಯ ಅಂಚುಕಲ್ಲಿನ ಮೇಲೆ ಟೈರಿನ ಕಪ್ಪು ಗೆರೆಗಳಿವೆಯೇ ನೋಡಿ. ಇದ್ದರೆ ಫೋಟೊ ತೆಗೆಯಿರಿ; ಅಲ್ಲಿ ದಿನವೂ ಏನಾಗುತ್ತಿದೆ ಎಂಬುದಕ್ಕೆ ಆ ಗೆರೆಗಳೇ ಸಾಕ್ಷಿ.

ಎರಡನೆಯದು ಸಿಗ್ನಲ್ಲಿನ ಗಡಿಯಾರ. ಇದನ್ನು ಅಳೆಯದೆ ದೂರು ಬರೆಯಬೇಡಿ, ಏಕೆಂದರೆ ಬಹುಶಃ ಅತ್ಯಂತ ಅಗ್ಗದ ಪರಿಹಾರ ಇಲ್ಲಿಯೇ ಸಿಗುತ್ತದೆ. ಮೊಬೈಲಿನ ಸ್ಟಾಪ್‌ವಾಚಿನಲ್ಲಿ ಮೂರನ್ನು ಬರೆದುಕೊಳ್ಳಿ: ಹಳದಿ ಎಷ್ಟು ಸೆಕೆಂಡ್, ಹಳದಿ ಮುಗಿದ ಮೇಲೆ ಎಲ್ಲ ದಿಕ್ಕಿಗೂ ಕೆಂಪಿರುವುದು ಎಷ್ಟು ಸೆಕೆಂಡ್, ನಿಲುಗಡೆ ಗೆರೆಯಿಂದ ಆಚೆ ದಡದವರೆಗೆ ಎಷ್ಟು ಮೀಟರ್. ದೂರವನ್ನು ಹೆಜ್ಜೆಯಲ್ಲಿ ಅಳೆಯಬಹುದು, ಉಪಗ್ರಹ ನಕ್ಷೆಯ ಅಳತೆಗೋಲಿನಲ್ಲೂ ಅಳೆಯಬಹುದು.

ಒಂದು ಲೆಕ್ಕ ಮಾಡೋಣ. ದಾಟಬೇಕಾದ ದೂರ 36 ಮೀಟರ್. ಸಾಧಾರಣ ಸವಾರ ಸೆಕೆಂಡಿಗೆ ನಾಲ್ಕು ಮೀಟರ್ ಹೋಗುತ್ತಾನೆ, ಅಂದರೆ ಗಂಟೆಗೆ ಹದಿನಾಲ್ಕೂವರೆ ಕಿಲೋಮೀಟರ್. ಹಸಿರಿನ ಕೊನೆಯ ಕ್ಷಣದಲ್ಲಿ, ಅಂದರೆ ಪೂರ್ತಿ ಕಾನೂನುಬದ್ಧವಾಗಿ, ಗೆರೆ ದಾಟಿದವನಿಗೆ ಆಚೆ ತಲುಪಲು ಒಂಬತ್ತು ಸೆಕೆಂಡ್ ಬೇಕು. ಹಳದಿ ಮೂರು, ಎಲ್ಲರ ಕೆಂಪು ಎರಡು, ಒಟ್ಟು ಐದು ಸೆಕೆಂಡಿಗೆ ಅಡ್ಡರಸ್ತೆಯವರಿಗೆ ಹಸಿರು ಬಿದ್ದರೆ ಅವನು ಆಗ ಇಪ್ಪತ್ತನೆಯ ಮೀಟರಿನಲ್ಲಿ, ಸರ್ಕಲ್ಲಿನ ನಟ್ಟನಡುವೆ ಇರುತ್ತಾನೆ. ನಿಯಮ ಮುರಿದವನಂತೆ ಕಾಣುವ ಇವನು ಯಾವ ನಿಯಮವನ್ನೂ ಮುರಿದಿಲ್ಲ. ಹಿಂದೆ ಮಗುವನ್ನೋ ಅಕ್ಕಿ ಚೀಲವನ್ನೋ ಕೂರಿಸಿಕೊಂಡವರ ವೇಗ ಸೆಕೆಂಡಿಗೆ ಮೂರು ಮೀಟರ್; ಅವರಿಗೆ ಹನ್ನೆರಡು ಸೆಕೆಂಡ್ ಬೇಕು. ಬೆಂಗಳೂರಿನ ಹಲವು ಜಂಕ್ಷನ್‌ಗಳಲ್ಲಿ ಈಗ ದಟ್ಟಣೆ ನೋಡಿ ಹಸಿರಿನ ಅವಧಿಯನ್ನು ತಾನೇ ಬದಲಿಸಿಕೊಳ್ಳುವ ವ್ಯವಸ್ಥೆ ಇದೆ. ಆದ್ದರಿಂದ ಒಂದು ಸಲ ಅಳೆದು ನಿಲ್ಲಿಸಬೇಡಿ, ಬೇರೆ ಬೇರೆ ಹೊತ್ತಿನಲ್ಲಿ ಐದಾರು ಆವರ್ತನೆ ಅಳೆಯಿರಿ.

ಮೂರನೆಯದು ಬಲ ತಿರುವು. ಮೂರು ಪಥಗಳನ್ನು ದಾಟಿ ನಡುವಿಗೆ ಹೋಗುವ ಧೈರ್ಯ ಎಲ್ಲರಿಗೂ ಇಲ್ಲ. ಅನುಭವಸ್ಥರು ಮಾಡುವುದೇ ಬೇರೆ: ನೇರ ಹೋಗಿ ಆಚೆ ಮೂಲೆಯಲ್ಲಿ ನಿಂತು, ಸೈಕಲ್ ತಿರುಗಿಸಿ, ಆ ರಸ್ತೆಯ ಹಸಿರಿನಲ್ಲಿ ದಾಟುತ್ತಾರೆ. ಹಾಗೆ ನಿಲ್ಲಲು ಆ ಮೂಲೆಯಲ್ಲಿ ಜಾಗವಿದೆಯೇ, ಅಥವಾ ಆಟೊ, ತಳ್ಳುಗಾಡಿ, ಟ್ರಾನ್ಸ್‌ಫಾರ್ಮರ್ ಆಕ್ರಮಿಸಿವೆಯೇ ಗಮನಿಸಿ.

ಉಳಿದವುಗಳಿಗೆ ಒಂದು ಕಣ್ಣೋಟ ಸಾಕು. ರಸ್ತೆಮಟ್ಟಕ್ಕಿಂತ ಎದ್ದ ಅಥವಾ ಕುಸಿದ ಮ್ಯಾನ್‌ಹೋಲ್ ಮುಚ್ಚಳ, ತಿರುವಿನಲ್ಲೇ ಚೆಲ್ಲಿದ ಜಲ್ಲಿ ಮರಳು, ಕೇಬಲ್ ಹಾಕಲು ಅಗೆದು ಅರೆಬರೆ ಮುಚ್ಚಿದ ಕಾಲುವೆ, ಎಲೆ ಮುಚ್ಚಿದ ಸಿಗ್ನಲ್ ದೀಪ, ಮೂಲೆಯಲ್ಲೇ ನಿಲ್ಲಿಸಿದ ಕಾರು, ಅಳಿಸಿಹೋದ ಜೀಬ್ರಾ, ಕತ್ತಲ ಮೂಲೆ. ಮೂಲೆಯಲ್ಲಿ ನಿಂತ ಕಾರನ್ನು ಸಣ್ಣದೆಂದು ತಿಳಿಯಬೇಡಿ. ಅಡ್ಡರಸ್ತೆಯಿಂದ ಬರುವವನಿಗೆ ಸೈಕಲ್ ಕಾಣದಂತೆ ಮಾಡುವುದು ಅದೇ. ಮೋಟಾರು ವಾಹನ ಚಾಲನಾ ನಿಯಮಾವಳಿ 2017 ಕೂಡುರಸ್ತೆಯ ಅಂಚಿನಲ್ಲಿ ವಾಹನ ನಿಲ್ಲಿಸುವುದನ್ನು ನಿಷೇಧಿಸುತ್ತದೆ.

ಹಂತ 2: ಬಿದ್ದವರ ಲೆಕ್ಕವಲ್ಲ, ತಪ್ಪಿಸಿಕೊಂಡವರ ಲೆಕ್ಕ

ಯಾವುದೇ ಕಚೇರಿಗೆ ಹೋದರೂ ಕೇಳುವ ಮೊದಲ ಪ್ರಶ್ನೆ: "ಅಲ್ಲಿ ಎಷ್ಟು ಅಪಘಾತ ಆಗಿದೆ?" ಸರ್ಕಾರದ ಕಣ್ಣಿಗೆ ಜಾಗವೊಂದು ಅಪಾಯಕಾರಿ ಎನಿಸಲು ರಕ್ತ ಬೇಕು. ರಾಷ್ಟ್ರೀಯ ಹೆದ್ದಾರಿಗಳಲ್ಲಿ "ಬ್ಲ್ಯಾಕ್ ಸ್ಪಾಟ್" ಎಂದು ಗುರುತಿಸುವ ಕೇಂದ್ರದ ಅಳತೆ ಹೀಗಿದೆ: ಸುಮಾರು 500 ಮೀಟರ್ ಉದ್ದದಲ್ಲಿ, ಮೂರು ವರ್ಷಗಳಲ್ಲಿ, ಸಾವು ಅಥವಾ ತೀವ್ರ ಗಾಯವಾದ ಐದು ಅಪಘಾತ, ಇಲ್ಲವೇ ಹತ್ತು ಸಾವು. ಮೊಣಕಾಲು ತರಚಿಕೊಂಡು ಸೈಕಲ್ ಎತ್ತಿ ನಡೆದವರು ಯಾವ ದಾಖಲೆಯಲ್ಲೂ ಇರುವುದಿಲ್ಲ. ಇನ್ನೂ ವಿಚಿತ್ರವೆಂದರೆ, ಒಂದು ಸರ್ಕಲ್ ತೀರಾ ಭಯಾನಕವಾದರೆ ಸೈಕಲ್ಲಿನವರು ಅಲ್ಲಿಗೆ ಹೋಗುವುದನ್ನೇ ಬಿಡುತ್ತಾರೆ, ಅಪಘಾತವೂ ನಿಲ್ಲುತ್ತದೆ, ಕಾಗದದಲ್ಲಿ ಅದು ಸುರಕ್ಷಿತ ಜಾಗವಾಗುತ್ತದೆ.

ಆದ್ದರಿಂದ ನಿಮ್ಮ ಲೆಕ್ಕ ನೀವೇ ಇಡಬೇಕು. ಹದಿನೈದು ನಿಮಿಷದ ತುಂಡುಗಳಲ್ಲಿ ಎಣಿಸಿ: ಎಷ್ಟು ಸೈಕಲ್, ಅದರಲ್ಲಿ ಮಕ್ಕಳೆಷ್ಟು, ಹೆಂಗಸರೆಷ್ಟು, ಇಳಿದು ತಳ್ಳಿಕೊಂಡು ದಾಟಿದವರೆಷ್ಟು. ಇಳಿದು ತಳ್ಳಿದವರ ಸಂಖ್ಯೆ ಬಹಳ ಮುಖ್ಯ. ಸರ್ಕಲ್ ತಮ್ಮದಲ್ಲ ಎಂದು ಅವರು ಕಾಲಿನಿಂದ ಹೇಳುತ್ತಿದ್ದಾರೆ. ಜೊತೆಗೆ ಕೂದಲೆಳೆಯಲ್ಲಿ ತಪ್ಪಿದ ಘಟನೆಗಳನ್ನು ಗುರುತಿಸಿ. ಸವಾರ ದಿಢೀರ್ ಬ್ರೇಕ್ ಹಾಕಿದ್ದು, ಪಕ್ಕಕ್ಕೆ ಎಳೆದುಕೊಂಡದ್ದು, ಕಾಲೂರಿದ್ದು ಮಾತ್ರ ಲೆಕ್ಕಕ್ಕೆ. ಹಾರ್ನ್ ಹೊಡೆಸಿಕೊಂಡದ್ದನ್ನೆಲ್ಲ ಸೇರಿಸಿದರೆ ಪುಸ್ತಕ ಸಾಲದು. ಒಂದೇ ವಾರದಲ್ಲಿ ಮೂರು ದಿನ ಮಾಡಿದರೆ ಸಾಕು, ಪಿಎಚ್‌.ಡಿ. ಬೇಕಿಲ್ಲ.

ಫೋಟೊ ತೆಗೆಯುವಾಗ ಪ್ರತಿ ದೋಷಕ್ಕೂ ಎರಡು. ಒಂದು ದೂರದಿಂದ, ಅಂಗಡಿ ಬೋರ್ಡೋ ಕಂಬದ ಸಂಖ್ಯೆಯೋ ಕಾಣುವಂತೆ. ಇನ್ನೊಂದು ಹತ್ತಿರದಿಂದ, ಪಕ್ಕದಲ್ಲಿ ಅಳತೆಪಟ್ಟಿಯನ್ನೋ ಸೈಕಲ್ ಚಕ್ರವನ್ನೋ ಇಟ್ಟು. ಮೊಬೈಲಿನಲ್ಲಿ ಸ್ಥಳ ನಮೂದಾಗುವ ಆಯ್ಕೆ ಚಾಲೂ ಇರಲಿ. ವಿಡಿಯೊ ಒಂದು ನಿಮಿಷ ಮೀರದಿರಲಿ, ಎತ್ತರದಿಂದ ತೆಗೆದರೆ ಉತ್ತಮ. ಮೂಲೆಯ ಮಳಿಗೆಯ ಮೊದಲ ಮಹಡಿಯವರು ಕೇಳಿದರೆ ಬೇಡವೆನ್ನುವುದಿಲ್ಲ. ಸವಾರರ, ಮಕ್ಕಳ ಮುಖ ಕಾಣುವ ಚಿತ್ರವನ್ನು ಸಾರ್ವಜನಿಕವಾಗಿ ಹಾಕಬೇಡಿ.

ಒಂದು ಬಿಳಿ ಹಾಳೆಯ ಮೇಲೆ ಸರ್ಕಲ್ಲಿನ ನಕ್ಷೆ ಬರೆದು ದೋಷಗಳಿಗೆ ಸಂಖ್ಯೆ ಕೊಡಿ. ಚಿತ್ರ ಚೆನ್ನಾಗಿರಬೇಕಿಲ್ಲ, ಉತ್ತರ ದಿಕ್ಕು ಸರಿಯಿದ್ದರೆ ಸಾಕು. ನನ್ನ ಅನುಭವದಲ್ಲಿ ಎಂಜಿನಿಯರ್‌ಗಳು ಪತ್ರ ಓದುವ ಮೊದಲು ನಕ್ಷೆ ನೋಡುತ್ತಾರೆ.

ಹಂತ 3: ಇದು ಯಾರ ಸ್ವತ್ತು?

ಬೆಂಗಳೂರಿನಲ್ಲಿ ಈ ಪ್ರಶ್ನೆಗೆ ಉತ್ತರ ಇತ್ತೀಚೆಗೆ ಬದಲಾಗಿದೆ. ಬಿಬಿಎಂಪಿ ಈಗಿಲ್ಲ. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದು, ಸೆಪ್ಟೆಂಬರ್‌ನಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರ ಪಾಲಿಕೆಗಳಾದವು. ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಹಳೆಯ ಬೋರ್ಡುಗಳನ್ನು ನಂಬಿ ಪತ್ರ ಬರೆದರೆ ಅದು ಊರೆಲ್ಲ ಸುತ್ತುತ್ತದೆ. ನಿಮ್ಮ ಸರ್ಕಲ್ ಯಾವ ಪಾಲಿಕೆಗೆ, ಯಾವ ವಾರ್ಡಿಗೆ ಸೇರಿದ್ದು ಎಂದು ಮೊದಲು ಖಚಿತಪಡಿಸಿಕೊಳ್ಳಿ. ಗಡಿಯ ಮೇಲಿದ್ದರೆ (ದುರದೃಷ್ಟಕ್ಕೆ ಮುಖ್ಯ ರಸ್ತೆಗಳೇ ಗಡಿಯಾಗಿರುವುದು ಹೆಚ್ಚು) ಎರಡೂ ಕಡೆಗೆ ಒಂದೇ ಪತ್ರ ಕೊಟ್ಟು, ಪ್ರತಿಯಲ್ಲಿ ಇನ್ನೊಬ್ಬರ ಹೆಸರು ಕಾಣಿಸಿ.

ಅನಂತರ ದೋಷಗಳನ್ನು ಹಂಚಿ. ಡಾಂಬರು, ಅಂಚುಕಲ್ಲು, ಮಳೆನೀರ ಜಾಲರಿ, ಬೀದಿದೀಪ, ಪಾದಚಾರಿ ಮಾರ್ಗ, ರಸ್ತೆ ಗುಡಿಸುವ ಕೆಲಸ ಪಾಲಿಕೆಯವು, ಸಹಾಯವಾಣಿ 1533. ಒಳಚರಂಡಿ ಮ್ಯಾನ್‌ಹೋಲ್ ಮತ್ತು ನೀರಿನ ಪೈಪ್ ಜಲಮಂಡಳಿಯದು, 1916. ಟ್ರಾನ್ಸ್‌ಫಾರ್ಮರ್ ಮತ್ತು ವಿದ್ಯುತ್ ಕಂಬ ಬೆಸ್ಕಾಂ, 1912. ಸಿಗ್ನಲ್ಲಿನ ಸಮಯ, ನಿಲುಗಡೆ ನಿಷೇಧ, ಫ್ರೀ ಲೆಫ್ಟ್ ಬಿಡಬೇಕೋ ಬೇಡವೋ ಎಂಬುದು ಸಂಚಾರ ಪೊಲೀಸರ ಮಾತು. ಅವರ "ಅಸ್ತ್ರಂ" ಆ್ಯಪ್‌ನಲ್ಲಿ ನಿಯಮ ಉಲ್ಲಂಘನೆಯ ದೂರು ಕೊಡಬಹುದು, ಆದರೆ ಸಿಗ್ನಲ್ ವಿಷಯಕ್ಕೆ ಆ ಭಾಗದ ಸಂಚಾರ ಠಾಣೆಯ ಇನ್‌ಸ್ಪೆಕ್ಟರರನ್ನು ಕಾಣುವುದೇ ಮೇಲು. ಮೆಟ್ರೊ ಕಾಮಗಾರಿಯ ತಡೆಗೋಡೆ ನಿಮ್ಮ ದಾರಿ ನುಂಗಿದ್ದರೆ ಬಿಎಂಆರ್‌ಸಿಎಲ್. ರಾಷ್ಟ್ರೀಯ ಹೆದ್ದಾರಿಯಾದರೆ ಹೆದ್ದಾರಿ ಪ್ರಾಧಿಕಾರ, 1033. ಯಾರದೆಂದು ತಿಳಿಯದಿದ್ದರೆ ರಾಜ್ಯ ಸರ್ಕಾರದ ಜನಸ್ಪಂದನ, 1902. ಅಲ್ಲಿ ದಾಖಲಾದ ದೂರು ಸಂಬಂಧಪಟ್ಟ ಇಲಾಖೆಗೆ ಹೋಗುತ್ತದೆ.

ಸಿಗ್ನಲ್ ಮುಚ್ಚಿದ ಕೊಂಬೆಯನ್ನು ನೀವೇ ಕಡಿಯಲು ಹೋಗಬೇಡಿ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರ ಪ್ರಕಾರ ಅದು ವೃಕ್ಷ ಅಧಿಕಾರಿಯ ಕೆಲಸ. ರಸ್ತೆಯ ಮೇಲೆ ನೀವೇ ಬಣ್ಣ ಬಳಿಯುವುದು, ಹಂಪ್ ಹಾಕಿಸುವುದೂ ಬೇಡ. ಜನ ತಾವೇ ಹಾಕಿಸಿದ ಚೂಪು ಹಂಪ್‌ಗಳು ಸೈಕಲ್ಲಿನವರನ್ನೇ ಬೀಳಿಸುತ್ತವೆ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡ 99 ಹೇಳುವ ದುಂಡು ಹಂಪ್ 3.7 ಮೀಟರ್ ಉದ್ದ, ನಡುವೆ 10 ಸೆಂಟಿಮೀಟರ್ ಎತ್ತರ. ನಮ್ಮ ಬೀದಿಗಳಲ್ಲಿರುವುದನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ನಗು ಬರುತ್ತದೆ.

ಹಂತ 4: ಪರಿಹಾರವನ್ನೂ ನೀವೇ ಕೇಳಿ, ಆದರೆ ಅಗ್ಗದ್ದರಿಂದ

"ಸೈಕಲ್ ಪಥ ಮಾಡಿಕೊಡಿ" ಎಂಬ ಬೇಡಿಕೆಯಿಂದ ಶುರುಮಾಡಬೇಡಿ. ನಾನು ಇದನ್ನು ಸುಮ್ಮನೆ ಹೇಳುತ್ತಿಲ್ಲ. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಪ್ಲಾಸ್ಟಿಕ್ ಕಂಬಗಳನ್ನು ನೆಟ್ಟು ಸೈಕಲ್ ಪಥ ಗುರುತಿಸಲಾಯಿತು, ಕೆಲಕಾಲ ಚೆನ್ನಾಗಿಯೂ ಇತ್ತು. ಕಂಬಗಳು ಮುರಿದವು, ಪಥದಲ್ಲಿ ಬೈಕುಗಳು ನುಗ್ಗಿದವು, ಮೆಟ್ರೊ ಕೆಲಸ ಬಂತು. ನೇರ ರಸ್ತೆಯಲ್ಲಿ ಪಥ ಎಷ್ಟೇ ಚೆನ್ನಾಗಿದ್ದರೂ ಕೂಡುರಸ್ತೆ ಬಂದಾಗ ಅದು ಮಾಯವಾದರೆ ಸವಾರನಿಗೆ ದಕ್ಕಿದ್ದೇನು? ಸೇತುವೆ ಕಟ್ಟಿ ನಡುವಿನ ಕಮಾನು ಬಿಟ್ಟಂತೆ. ಸರ್ಕಲ್‌ಗಳು ಮೊದಲು, ಪಥ ಆಮೇಲೆ ಎಂಬುದು ನನ್ನ ಪಕ್ಷ.

ವಾರದೊಳಗೆ ಆಗಬಹುದಾದವು: ಜಾಲರಿ ತಿರುಗಿಸುವುದು, ಮುಚ್ಚಳ ಮಟ್ಟ ಮಾಡುವುದು, ಜಲ್ಲಿ ಗುಡಿಸುವುದು, ದೀಪ ಹೊತ್ತಿಸುವುದು, ಎಲ್ಲರ ಕೆಂಪನ್ನು ಎರಡು ಮೂರು ಸೆಕೆಂಡ್ ಹೆಚ್ಚಿಸುವುದು. ಕೊನೆಯದಕ್ಕೆ ಕಾಸೂ ಖರ್ಚಿಲ್ಲ; ಆದರೆ ದಟ್ಟಣೆ ಹೆಚ್ಚುತ್ತದೆ ಎಂಬ ಆಕ್ಷೇಪ ಬರುತ್ತದೆ, ಅದಕ್ಕೆ ನಿಮ್ಮ 36 ಮೀಟರ್ ಲೆಕ್ಕವೇ ಉತ್ತರ.

ಬಣ್ಣದಿಂದ ಆಗುವವು: ವಾಹನಗಳ ನಿಲುಗಡೆ ಗೆರೆಯನ್ನು ಹಿಂದಕ್ಕೆ ಸರಿಸಿ, ಮುಂದೆ ಸೈಕಲ್ಲಿಗೆ ನಿಲ್ಲುವ ಚೌಕ; ಬಲ ತಿರುವಿಗೆ ಆಚೆ ಮೂಲೆಯಲ್ಲಿ ಕಾಯುವ ಚೌಕ; ಎಡ ತಿರುವಿನ ಬಾಯಿಗೆ ಅಡ್ಡಲಾಗಿ ಸೈಕಲ್ ದಾಟುವ ಗೆರೆ. ಗೆರೆಯನ್ನು ನಮ್ಮ ಬೈಕಿನವರು ಗೌರವಿಸುವುದಿಲ್ಲ ಎಂಬ ವಾದದಲ್ಲಿ ಹುರುಳಿದೆ. ಆದ್ದರಿಂದ ಬಣ್ಣವನ್ನು ಒಂಟಿಯಾಗಿ ಕೇಳದೆ, ಮೂಲೆ ಬಿಗಿಮಾಡುವ ಕಂಬಗಳ ಜೊತೆ ಕೇಳಿ. ಮೂಲೆಯ ಹೊರ ಅಂಚಿನಲ್ಲಿ ಮೂರು ನಾಲ್ಕು ಬಾಗುವ ಕಂಬ ನೆಟ್ಟರೆ ತಿರುವಿನ ತ್ರಿಜ್ಯ ಅಂದೇ ಅರ್ಧವಾಗುತ್ತದೆ. ಇದನ್ನು "ಪ್ರಾಯೋಗಿಕವಾಗಿ ಒಂದು ತಿಂಗಳು" ಎಂದು ಕೇಳಿದರೆ ಒಪ್ಪಿಗೆ ಸುಲಭ, ಏಕೆಂದರೆ ತಿಂಗಳಾದ ಮೇಲೆ ಕಿತ್ತುಹಾಕುವ ದಾರಿ ಅಧಿಕಾರಿಗೆ ತೆರೆದಿರುತ್ತದೆ.

ದೊಡ್ಡ ಬದಲಾವಣೆ, ಅಂದರೆ ಅಂಚುಕಲ್ಲನ್ನೇ ಮುಂದಕ್ಕೆ ತರುವುದು, ಫ್ರೀ ಲೆಫ್ಟ್‌ನ ಪ್ರತ್ಯೇಕ ಪಥವನ್ನು ಮುಚ್ಚುವುದು, ಸೈಕಲ್ ಪಥವನ್ನು ಸರ್ಕಲ್ಲಿನ ಆಚೆಗೂ ಎಳೆಯುವುದು, ಇವಕ್ಕೆ ಅಂದಾಜುಪಟ್ಟಿ ಮತ್ತು ಟೆಂಡರ್ ಬೇಕು. ಇಲ್ಲಿ ಹೊತ್ತು ನೋಡುವುದೇ ಜಾಣತನ. ನಿಮ್ಮ ರಸ್ತೆಗೆ ವೈಟ್‌ಟಾಪಿಂಗ್ (ಕಾಂಕ್ರೀಟ್ ಹೊದಿಕೆ) ಅಥವಾ ಮರುಡಾಂಬರು ಬರುತ್ತದೆಂದು ಸುದ್ದಿಯಾದ ದಿನವೇ ಓಡಿ. ನಕ್ಷೆ ಪಕ್ಕಾ ಆಗುವ ಮೊದಲು ಒಂದು ಗೆರೆ ಬದಲಾಯಿಸುವುದು ಪೆನ್ಸಿಲ್ ಕೆಲಸ. ಕಾಂಕ್ರೀಟ್ ಬಿದ್ದ ಮೇಲೆ ಅದು ಇಪ್ಪತ್ತು ವರ್ಷದ ಮಾತು. ಪತ್ರದಲ್ಲಿ ಮಾನದಂಡಗಳ ಹೆಸರಿರಲಿ: ಸೈಕಲ್ ಪಥಗಳಿಗೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ 11, ರಸ್ತೆ ಗುರುತುಗಳಿಗೆ 35, ಪಾದಚಾರಿ ಸೌಲಭ್ಯಗಳಿಗೆ 103, ವೇಗ ತಗ್ಗಿಸುವ ಕ್ರಮಗಳಿಗೆ 99, ಸುರಕ್ಷತಾ ತಪಾಸಣೆಗೆ ವಿಶೇಷ ಪ್ರಕಟಣೆ 88. ಎಲ್ಲವನ್ನೂ ಓದಿರಬೇಕಿಲ್ಲ. ಸಂಖ್ಯೆ ನೋಡಿದ ಎಂಜಿನಿಯರ್ ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕೂರುತ್ತಾರೆ, ಅಷ್ಟು ಸಾಕು.

ಹಂತ 5: ಪತ್ರ

ಆ್ಯಪ್‌ನಲ್ಲಿ ದೂರು ದಾಖಲಿಸಿ ಸಂಖ್ಯೆ ಪಡೆಯಿರಿ, ಅದು ತಾರೀಖಿನ ಪುರಾವೆ. ಆದರೆ ಕೆಲಸ ಮಾಡಿಸುವುದು ಕಾಗದ. ಒಂದು ದೋಷಕ್ಕೆ ಒಂದು ದೂರು, ಒಂದು ಇಲಾಖೆಗೆ ಒಂದು ಪತ್ರ. ಮಾದರಿ ಹೀಗಿದೆ:

"ಗೆ, ಸಹಾಯಕ ಕಾರ್ಯಪಾಲಕ ಎಂಜಿನಿಯರ್, … ಉಪವಿಭಾಗ, … ನಗರ ಪಾಲಿಕೆ.

ವಿಷಯ: … ಮುಖ್ಯರಸ್ತೆ ಮತ್ತು … ಅಡ್ಡರಸ್ತೆ ಕೂಡುವಲ್ಲಿ ಈಶಾನ್ಯ ಮೂಲೆಯ ತಿರುವನ್ನು ಬಿಗಿಗೊಳಿಸುವ ಬಗ್ಗೆ.

ಮಾನ್ಯರೇ, ಮೇಲ್ಕಂಡ ಮೂಲೆಯಲ್ಲಿ ಎಡಕ್ಕೆ ತಿರುಗುವ ವಾಹನಗಳು ನಿಧಾನಿಸದೆ, ನೇರ ಸಾಗುವ ಸೈಕಲ್ ಸವಾರರನ್ನು ಅಡ್ಡಗಟ್ಟುತ್ತಿವೆ. ನಾವು ಮೂರು ದಿನ, ಬೆಳಿಗ್ಗೆ 8ರಿಂದ 9ರವರೆಗೆ ಎಣಿಸಿದಾಗ ಕಂಡ ಸೈಕಲ್‌ಗಳು, ಕೂದಲೆಳೆಯಲ್ಲಿ ತಪ್ಪಿದ ಘಟನೆಗಳ ವಿವರ ಲಗತ್ತು 1ರಲ್ಲಿದೆ. ಸ್ಥಳದ ನಕ್ಷೆ ಲಗತ್ತು 2, ಫೋಟೊಗಳು ಲಗತ್ತು 3. ಈ ಮೂಲೆಯಲ್ಲಿ ಬಾಗುವ ಕಂಬಗಳನ್ನು ನೆಟ್ಟು ಒಂದು ತಿಂಗಳು ಪ್ರಾಯೋಗಿಕವಾಗಿ ನೋಡಬೇಕೆಂದು, ಅದಕ್ಕೂ ಮುನ್ನ ಸಂಚಾರ ಪೊಲೀಸರೊಂದಿಗೆ ಜಂಟಿ ಸ್ಥಳ ಪರಿಶೀಲನೆ ನಡೆಸಬೇಕೆಂದು ಕೋರುತ್ತೇವೆ. ಪರಿಶೀಲನೆಯ ದಿನ ತಿಳಿಸಿದರೆ ನಾವೂ ಹಾಜರಿರುತ್ತೇವೆ. ಆ್ಯಪ್ ದೂರು ಸಂಖ್ಯೆ: …

ಪ್ರತಿ: ಇನ್‌ಸ್ಪೆಕ್ಟರ್, … ಸಂಚಾರ ಪೊಲೀಸ್ ಠಾಣೆ, ನಗರ ಭೂಸಾರಿಗೆ ನಿರ್ದೇಶನಾಲಯ."

ಎರಡು ಪ್ರತಿ ಒಯ್ದು, ಟಪಾಲು ವಿಭಾಗದಲ್ಲಿ ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಮೊಹರು, ದಿನಾಂಕ, ಸಹಿ ಪಡೆಯಿರಿ. ಮೊಹರಿಲ್ಲದ ಪತ್ರ ಕೊಟ್ಟೂ ಕೊಡದಂತೆ. ಸಹಿ ಹಾಕುವವರಲ್ಲಿ ಶಾಲೆಯ ಮುಖ್ಯೋಪಾಧ್ಯಾಯರು, ಮೂಲೆಯ ಔಷಧ ಅಂಗಡಿಯವರು, ನಿವಾಸಿಗಳ ಸಂಘದವರು ಇರಲಿ. ಬರೀ ಸೈಕಲ್ ಗುಂಪಿನ ನಲವತ್ತು ಸಹಿಗಿಂತ ಇಂಥ ಐದು ಸಹಿ ತೂಕದವು.

ಹಂತ 6: ಜಂಟಿ ಪರಿಶೀಲನೆ

ಈ ಇಡೀ ಕೆಲಸದ ಹೃದಯ ಇಲ್ಲಿದೆ. ಪಾಲಿಕೆಯವರು "ಸಿಗ್ನಲ್ ಪೊಲೀಸರದು" ಎನ್ನುತ್ತಾರೆ, ಪೊಲೀಸರು "ಅಂಚುಕಲ್ಲು ಪಾಲಿಕೆಯದು" ಎನ್ನುತ್ತಾರೆ. ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ಇಬ್ಬರನ್ನೂ ಒಂದೇ ಮೂಲೆಯಲ್ಲಿ ಹತ್ತು ನಿಮಿಷ ನಿಲ್ಲಿಸಿದರೆ ಮಾತ್ರ ಆ ಆಟ ನಿಲ್ಲುತ್ತದೆ. ಸಮಯ ಬೆಳಿಗ್ಗೆ ಎಂಟೂವರೆಗೆ ಕೇಳಿ. ಮಧ್ಯಾಹ್ನ ಎರಡಕ್ಕೆ ಬಂದರೆ ಯಾವ ಸರ್ಕಲ್ಲೂ ಸಾಧುವಾಗಿ ಕಾಣುತ್ತದೆ.

ನಮ್ಮ ಸರ್ಕಲ್‌ಗೆ ಬಂದ ಎಂಜಿನಿಯರ್ ಮೊದಲ ಐದು ನಿಮಿಷ ಗಡಿಯಾರ ನೋಡುತ್ತಿದ್ದರು. ಸಮವಸ್ತ್ರದ ಹುಡುಗಿಯೊಬ್ಬಳು ಸೈಕಲ್ಲಿನಿಂದ ಇಳಿದು, ಎಡಕ್ಕೆ ನುಗ್ಗುತ್ತಿದ್ದ ಸಾಲನ್ನು ದಾಟಲಾಗದೆ ಎರಡು ಹಸಿರನ್ನು ಕಳೆದುಕೊಂಡಳು. ಯಾರೂ ಏನೂ ಹೇಳಲಿಲ್ಲ. ಅವರೇ ಚೀಲದಿಂದ ಟೇಪು ತೆಗೆದು, "ಆ ತುದಿ ಹಿಡಿದುಕೊಳ್ಳಿ" ಎಂದರು. ಅಂದು ನಾನು ತಯಾರಿಸಿಕೊಂಡು ಹೋಗಿದ್ದ ಭಾಷಣ ಜೇಬಿನಲ್ಲೇ ಉಳಿಯಿತು.

ಪರಿಶೀಲನೆ ಮುಗಿದ ಸಂಜೆಯೇ ಎಲ್ಲರಿಗೂ ಮಿಂಚಂಚೆ ಕಳುಹಿಸಿ: ಇಂದು ಇಂಥವರು ಇದ್ದರು, ಇಂಥ ಮೂರು ಕೆಲಸಗಳಿಗೆ ಒಪ್ಪಿದರು, ಇಂಥ ದಿನದೊಳಗೆ ಎಂದರು, ಧನ್ಯವಾದ. ಯಾರೂ ಅಲ್ಲಗಳೆಯದಿದ್ದರೆ ಅದೇ ನಡಾವಳಿ. ಧನ್ಯವಾದವನ್ನು ಬಿಡಬೇಡಿ, ಕೆಳಹಂತದ ಎಂಜಿನಿಯರ್‌ಗಳಿಗೆ ಬರುವ ನೂರು ಪತ್ರಗಳಲ್ಲಿ ಆ ಪದವಿರುವುದು ಅಪರೂಪ.

ಹಂತ 7: ಉತ್ತರ ಬಾರದಿದ್ದರೆ

ಸುಳ್ಳು "ಪರಿಹರಿಸಲಾಗಿದೆ" ಬಂದರೆ ಅಂದಿನ ದಿನಾಂಕದ ಫೋಟೊ ಹಾಕಿ ಮತ್ತೆ ತೆರೆಯಿರಿ. ಮೂವತ್ತು ದಿನ ಮೌನವಿದ್ದರೆ ಕಾರ್ಯಪಾಲಕ ಎಂಜಿನಿಯರ್‌ಗೆ, ಅಲ್ಲಿಂದ ಪಾಲಿಕೆಯ ಆಯುಕ್ತರಿಗೆ ಜ್ಞಾಪನಾ ಪತ್ರ. ಶಾಸಕರ ಕಚೇರಿಯಲ್ಲೂ ಒಂದು ಪ್ರತಿ ಇರಲಿ. ಬೇರೆ ಜಿಲ್ಲೆಗಳವರಿಗೆ ಇನ್ನೊಂದು ಬಾಗಿಲಿದೆ: ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ. ಪೊಲೀಸ್, ಪಾಲಿಕೆ, ಲೋಕೋಪಯೋಗಿ, ಸಾರಿಗೆ ಇಲಾಖೆಯವರೆಲ್ಲ ಒಂದೇ ಮೇಜಿನ ಸುತ್ತ ಕೂರುವ ಸಭೆ ಅದು. ಅದರ ಕಾರ್ಯಸೂಚಿಯಲ್ಲಿ ನಿಮ್ಮ ಸರ್ಕಲ್ ಸೇರಿಸಲು ಪತ್ರ ಬರೆಯಿರಿ.

ಆಮೇಲೆ ಮಾಹಿತಿ ಹಕ್ಕು. ಅರ್ಜಿ ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ ಮೂವತ್ತು ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. "ಏಕೆ ಸರಿಪಡಿಸಿಲ್ಲ?" ಎಂದು ಕೇಳಬೇಡಿ, ಅದು ಮಾಹಿತಿಯಲ್ಲ ಎಂಬ ಉತ್ತರ ಬರುತ್ತದೆ. ದಾಖಲೆ ಕೇಳಿ: ಇಂಥ ದಿನಾಂಕದ ನನ್ನ ಪತ್ರದ ಮೇಲೆ ಕಡತದಲ್ಲಿ ಬರೆದ ಟಿಪ್ಪಣಿಗಳ ಪ್ರತಿ; ಈ ಸರ್ಕಲ್‌ನ ಕೊನೆಯ ಕಾಮಗಾರಿಯ ಕಾರ್ಯಾದೇಶ, ಗುತ್ತಿಗೆದಾರರ ದೋಷ ಹೊಣೆಗಾರಿಕೆ ಅವಧಿಯ ಕೊನೆಯ ದಿನಾಂಕ; ಸುರಕ್ಷತಾ ತಪಾಸಣೆ ನಡೆದಿದ್ದರೆ ಅದರ ವರದಿ. ಹೊಣೆಗಾರಿಕೆ ಅವಧಿ ಇನ್ನೂ ಇದೆಯೆಂದಾದರೆ ಹಣವಿಲ್ಲ ಎಂಬ ನೆಪವೇ ಉಳಿಯುವುದಿಲ್ಲ, ಗುತ್ತಿಗೆದಾರನೇ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ಕಾಯ್ದೆಯ 2(ಜೆ) ಕಲಮಿನಲ್ಲಿ ಕಾಮಗಾರಿಯನ್ನು ಖುದ್ದು ಪರಿಶೀಲಿಸುವ ಹಕ್ಕೂ ಇದೆ. ಬಹಳ ಜನ ಬಳಸುವುದಿಲ್ಲ. ಉತ್ತರ ಬಾರದಿದ್ದರೆ ಮೂವತ್ತು ದಿನದೊಳಗೆ ಮೊದಲ ಮೇಲ್ಮನವಿ, ಅದೂ ಫಲಿಸದಿದ್ದರೆ ತೊಂಬತ್ತು ದಿನದೊಳಗೆ ಮಾಹಿತಿ ಆಯೋಗ.

ಕಾನೂನಿನ ಗದೆ ಕೊನೆಯದು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 198ಎ ಕಲಮಿನಂತೆ, ರಸ್ತೆಯ ವಿನ್ಯಾಸ, ನಿರ್ಮಾಣ ಅಥವಾ ನಿರ್ವಹಣೆಯಲ್ಲಿ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಹೊಣೆಗಾರ ಅಧಿಕಾರಿ, ಗುತ್ತಿಗೆದಾರ, ಸಲಹೆಗಾರನಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಮೊತ್ತ ಚಿಕ್ಕದು. ಆದರೆ ಮುಂಚಿತವಾಗಿ ಎಚ್ಚರಿಸಿದ ಮೊಹರಿರುವ ಪತ್ರವೊಂದು ಕಡತದಲ್ಲಿದ್ದರೆ "ಗೊತ್ತಿರಲಿಲ್ಲ" ಎನ್ನಲಾಗದು. ತೀರಾ ಅಪಾಯದ ಅಡಚಣೆಯನ್ನು ತೆಗೆಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೆಯ ಕಲಮಿನಡಿ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಅರ್ಜಿ ಕೊಡಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 133 ಆಗಿತ್ತು. ಅದೇ ಕಲಮಿನ ಮೇಲೆ 1980ರಲ್ಲಿ ರತ್ಲಾಮ್ ಪುರಸಭೆಯ ಪ್ರಕರಣದಲ್ಲಿ, ಹಣವಿಲ್ಲ ಎಂಬುದು ಪುರಸಭೆಗೆ ನೆಪವಾಗದು ಎಂದು ಸುಪ್ರೀಂ ಕೋರ್ಟ್ ಹೇಳಿತು.

ಬಿದ್ದರೆ

ತುರ್ತು ಸಂಖ್ಯೆ 112. ಗಾಯ ಸಣ್ಣದಾದರೂ ವೈದ್ಯರ ಚೀಟಿ ಪಡೆಯಿರಿ, ಸಂಚಾರ ಠಾಣೆಯಲ್ಲಿ ಲಿಖಿತ ದೂರು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ದೂರಿನಲ್ಲಿ ವಾಹನದ ಸಂಖ್ಯೆಯಷ್ಟೇ ಅಲ್ಲ, ಯಾವ ಮೂಲೆ, ಯಾವ ದೋಷ ಎಂಬುದನ್ನೂ ಬರೆಯಿಸಿ; ಇಲ್ಲದಿದ್ದರೆ ಚಾಲಕನ ಅಜಾಗರೂಕತೆ ಎಂಬ ಒಂದೇ ಕಾರಣ ಉಳಿದು, ರಸ್ತೆ ಪಾರಾಗುತ್ತದೆ. ಬಿದ್ದವರಿಗೆ ನೆರವಾದವರನ್ನು ಮೋಟಾರು ವಾಹನ ಕಾಯ್ದೆಯ 134ಎ ಕಲಮು ರಕ್ಷಿಸುತ್ತದೆ, ಸಾಕ್ಷಿಯಾಗಲು ಅವರನ್ನು ಒತ್ತಾಯಿಸುವಂತಿಲ್ಲ. ಹಿಂಜರಿಯುವವರಿಗೆ ಇದನ್ನು ಹೇಳಿ.

ಸರಿಯಾದ ಮೇಲೆ

ಕೆಲಸವಾದ ಮರುದಿನ ಹಬ್ಬ ಮಾಡಿ, ಮರುವಾರ ಮತ್ತೆ ಎಣಿಸಲು ಹೋಗಿ; ಅದೇ ಗಂಟೆ, ಅದೇ ಮೂಲೆ. ಇಳಿದು ತಳ್ಳುವವರು ಕಡಿಮೆಯಾದರೇ? ಆ ಅಂಕಿಯನ್ನು ಎಂಜಿನಿಯರ್‌ಗೆ ಕಳುಹಿಸಿ. ಪಕ್ಕದ ಸರ್ಕಲ್‌ಗೆ ಅವರೇ ಅದನ್ನು ಮೇಲಧಿಕಾರಿಗೆ ತೋರಿಸುತ್ತಾರೆ. ಅಪಾಯ ಜಾಗ ಬದಲಿಸಿದೆಯೇ ಎಂಬುದನ್ನೂ ನೋಡಿ. ನಮ್ಮಲ್ಲಿ ಕಂಬ ನೆಟ್ಟ ಮೇಲೆ ಎಡ ತಿರುವು ನಿಧಾನವಾಯಿತು, ಆದರೆ ಮೂಲೆಯಲ್ಲಿ ನಿಲ್ಲುತ್ತಿದ್ದ ಆಟೊಗಳು ಇಪ್ಪತ್ತು ಮೀಟರ್ ಹಿಂದಕ್ಕೆ ಸರಿದು, ಸೈಕಲ್ಲಿನವರು ಅಲ್ಲಿ ನಡುರಸ್ತೆಗೆ ಬರಬೇಕಾಯಿತು. ಮತ್ತೆ ಪತ್ರ, ಮತ್ತೆ ಮೊಹರು. ಈ ಸಲ ಇನ್‌ಸ್ಪೆಕ್ಟರ್ ಆಟೊದವರನ್ನೇ ಕರೆಸಿ ಮಾತನಾಡಿ, ಅಡ್ಡರಸ್ತೆಯಲ್ಲಿ ಜಾಗ ಗುರುತಿಸಿಕೊಟ್ಟರು.

ರಸ್ತೆಯ ಬಣ್ಣ ಮಳೆಗಾಲಕ್ಕೆ ಮಾಸುತ್ತದೆ, ಬಾಗುವ ಕಂಬಗಳು ಲಾರಿಗೆ ಸಿಕ್ಕಿ ಮುರಿಯುತ್ತವೆ. ಅಕ್ಟೋಬರ್‌ನ ಮೊದಲ ವಾರ ಮತ್ತು ಮೇ ತಿಂಗಳ ಕೊನೆಯ ವಾರ ಸರ್ಕಲ್ ಸುತ್ತಿ ಬರಲು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ನಾಲ್ಕು ಕಂಬಗಳಲ್ಲಿ ನಮ್ಮದು ಈಗ ಮೂರು ಉಳಿದಿವೆ; ನಾಲ್ಕನೆಯದಕ್ಕೆ ಕಳೆದ ವಾರವಷ್ಟೇ ಪತ್ರ ಕೊಟ್ಟು ಬಂದಿದ್ದೇನೆ.